ವಿಎಂಸಿಯಲ್ಲಿ ಅಳತೆ ತಪ್ಪಿದಾಗ: ನಂಬರ್ ತಿದ್ದುವ ಮೊದಲು ಡಯಲ್ ಇಡಿ

ಪೀಣ್ಯದ ಜಾಬ್ ವರ್ಕ್ ಶೆಡ್‌ಗಳಲ್ಲಿ, ವಿಎಂಸಿ ಮೇಲೆ (ಪ್ರೋಗ್ರಾಂನ ಅಂಕಿ ನೋಡಿ ಲೋಹ ಕೊರೆಯುವ, ಸ್ಪಿಂಡಲ್ ನೆಟ್ಟಗೆ ನಿಂತಿರುವ ಮಷೀನ್), ಆಗಾಗ ಹೀಗಾಗುತ್ತದೆ. ಎರಡು ಬೋರ್‌ಗಳ (ಕೊರೆದ ತೂತುಗಳ) ಸೆಂಟರ್ ದೂರ 120.00 ಮಿ.ಮೀ. ಇರಬೇಕು. ಕ್ವಾಲಿಟಿಯವರು ಅಳೆದರೆ 120.04 ಬರುತ್ತದೆ. "ಸಾರ್, ಪ್ರೋಗ್ರಾಂನಲ್ಲಿ ನಲವತ್ತು ಮೈಕ್ರಾನ್ ಕಮ್ಮಿ ಮಾಡ್ಲಾ?" ಅಂತ ಆಪರೇಟರ್ ಕೇಳುತ್ತಾರೆ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ). 119.96 ಅಂತ ತಿದ್ದುತ್ತಾರೆ. ಮುಂದಿನ ಜಾಬ್ 119.97 ಬರುತ್ತದೆ. ಈಗ ಮತ್ತೆ ಮೇಲಕ್ಕೆ ತಿದ್ದುತ್ತಾರೆ. ಸಂಜೆ ಹೊತ್ತಿಗೆ ಪ್ರೋಗ್ರಾಂನಲ್ಲಿ ಇರುವುದು ಡ್ರಾಯಿಂಗ್‌ನ ಅಂಕಿಯೋ ಯಾರೋ ತಿದ್ದಿದ ಅಂಕಿಯೋ ಯಾರಿಗೂ ಗೊತ್ತಿರುವುದಿಲ್ಲ. ರಾತ್ರಿ ಶಿಫ್ಟಿನವರ ಪಾಡು ಕೇಳುವುದೇ ಬೇಡ.

ಪೊಸಿಷನ್ ತಪ್ಪುವುದಕ್ಕೆ ಹತ್ತಾರು ಕಾರಣಗಳಿವೆ. ಆದರೆ ಪ್ರತಿ ಕಾರಣಕ್ಕೂ ತನ್ನದೇ ಆದ ನಡವಳಿಕೆ ಇದೆ. ಒಂದು ತಪ್ಪು ಟೇಬಲ್ ದಿಕ್ಕು ಬದಲಿಸಿದಾಗ ಮಾತ್ರ ಕಾಣುತ್ತದೆ. ಇನ್ನೊಂದು ದೂರ ಹೋದಷ್ಟೂ ಜಾಸ್ತಿಯಾಗುತ್ತದೆ. ಒಂದು ಬೆಳಿಗ್ಗೆ ಇರುವುದಿಲ್ಲ, ಮಧ್ಯಾಹ್ನ ಇರುತ್ತದೆ. ಮತ್ತೊಂದು ಮಷೀನ್ ಆಫ್ ಮಾಡಿ ಆನ್ ಮಾಡಿದಾಗಲೇ ಬರುತ್ತದೆ. ತಪ್ಪು ಎಷ್ಟಿದೆ ಅನ್ನುವುದಕ್ಕಿಂತ ಮೊದಲು ಅದು ಯಾವಾಗ ಬರುತ್ತದೆ, ಹೇಗೆ ಬದಲಾಗುತ್ತದೆ ಅಂತ ನೋಡಬೇಕು. ಅದಕ್ಕೆ ಒಂದು ಲಿವರ್ ಡಯಲ್ (ಸಣ್ಣ ಕದಲಿಕೆಯನ್ನು ಮುಳ್ಳಿನಲ್ಲಿ ತೋರಿಸುವ ಗೇಜ್), ಒಂದು ಮ್ಯಾಗ್ನೆಟಿಕ್ ಸ್ಟ್ಯಾಂಡ್, ಒಂದೆರಡು ಗಂಟೆ ಸಮಯ ಸಾಕು.

ಮಷೀನ್‌ಗೆ ಟೇಬಲ್ ಕಾಣುವುದಿಲ್ಲ

ನಮ್ಮ ಶೆಡ್‌ಗಳಲ್ಲಿ ಓಡುವ ಬಹುಪಾಲು ವಿಎಂಸಿಗಳಲ್ಲಿ ಎನ್‌ಕೋಡರ್ ಇರುವುದು ಸರ್ವೋ ಮೋಟರ್‌ನ ಹಿಂಭಾಗದಲ್ಲಿ. ಮೋಟರ್ ಎಷ್ಟು ಸುತ್ತು ತಿರುಗಿತು ಅಂತ ಅದು ಕಂಟ್ರೋಲರ್‌ಗೆ ಹೇಳುತ್ತದೆ. ಟೇಬಲ್ ಅನ್ನು ದೂಡುವ ಬಾಲ್ ಸ್ಕ್ರೂನ ಪಿಚ್ 10 ಮಿ.ಮೀ. ಇದ್ದು ಮೋಟರ್ ನೇರವಾಗಿ ಸ್ಕ್ರೂಗೆ ಜೋಡಿಸಿದ್ದರೆ, ಒಂದು ಸುತ್ತಿಗೆ ಟೇಬಲ್ 10 ಮಿ.ಮೀ. ಹೋಗಿರಲೇಬೇಕು ಅಂತ ಕಂಟ್ರೋಲರ್ ಲೆಕ್ಕ ಹಾಕುತ್ತದೆ. ಟೇಬಲ್ ನಿಜವಾಗಿ ಅಲ್ಲಿಗೆ ಹೋಯಿತಾ ಅಂತ ನೋಡುವುದಿಲ್ಲ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಾ ಮನೆಯೊಳಗೆ ಓಡಾಡಿದ ಹಾಗೆ ಇದು. ಲೆಕ್ಕ ಸರಿಯಾಗಿಯೇ ಇರುತ್ತದೆ, ಕಾಲು ಜಾರಿದ್ದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಸ್ಕ್ರೀನ್‌ನಲ್ಲಿ 120.000 ಅಂತ ತೋರಿಸುತ್ತಿದೆ ಅನ್ನುವುದು ಸಾಕ್ಷಿಯಾಗುವುದಿಲ್ಲ. ಮೋಟರ್ ಶಾಫ್ಟ್‌ನಿಂದ ಟೇಬಲ್‌ವರೆಗೆ ಕಪ್ಲಿಂಗ್ (ಮೋಟರ್ ಮತ್ತು ಸ್ಕ್ರೂ ಜೋಡಿಸುವ ಭಾಗ), ಬಾಲ್ ಸ್ಕ್ರೂ, ಅದನ್ನು ಹಿಡಿದ ಥ್ರಸ್ಟ್ ಬೇರಿಂಗ್, ಲಾಕ್ ನಟ್, ಸ್ಕ್ರೂ ಮೇಲೆ ಓಡುವ ಬಾಲ್ ನಟ್, ನಟ್ ಬ್ರಾಕೆಟ್‌ನ ಬೋಲ್ಟ್‌ಗಳು ಇವೆ. ಇವುಗಳಲ್ಲಿ ಯಾವುದು ಸಡಿಲವಾದರೂ ಕಂಟ್ರೋಲರ್‌ಗೆ ಸುದ್ದಿ ಹೋಗುವುದಿಲ್ಲ. ಅಲಾರ್ಮ್ ಬಂದಿಲ್ಲ, ಅಂದ ಮೇಲೆ ಮಷೀನ್ ಸರಿ ಇದೆ ಅನ್ನುವ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಲಿನಿಯರ್ ಸ್ಕೇಲ್ ಇರುವ ಮಷೀನ್‌ಗಳ ಕಥೆ ಬೇರೆ. ಅಲ್ಲಿ ಟೇಬಲ್ ಪಕ್ಕದಲ್ಲೇ ಅಳತೆಪಟ್ಟಿ ಕೂತಿರುತ್ತದೆ, ಸ್ಕ್ರೂನ ತಪ್ಪುಗಳನ್ನು ಅದು ಹಿಡಿಯುತ್ತದೆ. ಆದರೆ ಕೂಲಂಟ್ ಮಂಜು ಒಳಗೆ ಹೋಗಿ ಸ್ಕೇಲ್ ಕೊಳೆಯಾದರೆ ಅದೇ ಹೊಸ ತಲೆನೋವು.

ಮೊದಲು ಜಾಬ್ ಕೆಳಗಿಳಿಸಿ

ಮಷೀನ್ ಮೇಲೆ ಆರೋಪ ಹೊರಿಸುವ ಮೊದಲು ಮಷೀನ್ ಅಲ್ಲದ್ದನ್ನು ಬೇರೆ ಮಾಡಬೇಕು. ಜಾಬ್ ಹಿಡಿಯುವ ಫಿಕ್ಸ್ಚರ್‌ನ ಲೊಕೇಟರ್ ಕೆಳಗೆ ಒಂದು ಚಿಪ್ ಸಿಕ್ಕಿಕೊಂಡಿರಬಹುದು. ಹಿಂದಿನ ಆಪರೇಷನ್‌ನ ಬರ್ ಉಳಿದಿರಬಹುದು. ವೈಸ್ ಬಿಗಿ ಮಾಡಿದಾಗ ತೆಳು ಜಾಬ್ ಬಾಗಿ, ಬಿಚ್ಚಿದಾಗ ವಾಪಸ್ ಹೋಗಿರಬಹುದು. ಉದ್ದದ ಎಂಡ್ ಮಿಲ್ ಬಾಗಿ ಗೋಡೆ ಓರೆಯಾಗಿರಬಹುದು. ರೇಡಿಯಸ್ ಆಫ್‌ಸೆಟ್ (ಕಟರ್‌ನ ಅರ್ಧ ಅಗಲಕ್ಕೆ ಕೊಟ್ಟ ಅಂಕಿ) ತಪ್ಪಿದರೆ ಪಾಕೆಟ್ ಸೈಜ್ ಹೋಗುತ್ತದೆ, ಆದರೆ ಅದರ ಸೆಂಟರ್ ಹೋಗುವುದಿಲ್ಲ. ಈ ಒಂದು ವ್ಯತ್ಯಾಸ ನೋಡಿದರೆ ಎಷ್ಟೋ ಸಲ ಪತ್ತೆ ಅರ್ಧ ಮುಗಿಯುತ್ತದೆ. ಸೈಜ್ ತಪ್ಪಿದೆಯಾ, ಜಾಗ ತಪ್ಪಿದೆಯಾ ಅಂತ ಕ್ವಾಲಿಟಿ ರಿಪೋರ್ಟ್‌ನಲ್ಲೇ ಕೇಳಿಕೊಳ್ಳಿ.

ಆಮೇಲೆ ಜಾಬ್, ಫಿಕ್ಸ್ಚರ್ ಎಲ್ಲ ತೆಗೆದು ಟೇಬಲ್ ಮೇಲೆ ಒಂದು ಗ್ರೈಂಡ್ ಮಾಡಿದ ಬ್ಲಾಕ್ ಕ್ಲಾಂಪ್ ಮಾಡಿ. ಸ್ಟ್ಯಾಂಡ್ ಅನ್ನು ಸ್ಪಿಂಡಲ್ ಹೆಡ್‌ಗೆ ಅಂಟಿಸಿ, ಡಯಲ್ ತುದಿಯನ್ನು ಬ್ಲಾಕ್‌ಗೆ ತಾಗಿಸಿ. ಕಟಿಂಗ್ ಇಲ್ಲ, ಕ್ಲಾಂಪಿಂಗ್ ಗೊಂದಲ ಇಲ್ಲ. ಈಗಲೂ ತಪ್ಪು ಕಾಣಿಸಿದರೆ ಅದು ಮಷೀನ್‌ದೇ.

ದಿಕ್ಕು ಬದಲಿಸಿದಾಗ ತಪ್ಪಿದರೆ

ಇದು ಎಲ್ಲಕ್ಕಿಂತ ಸಾಮಾನ್ಯ. ಎಡದಿಂದ ಬಂದು ಬೋರ್ ಮಾಡಿದರೆ ಒಂದು ಅಳತೆ, ಬಲದಿಂದ ಬಂದರೆ ಇನ್ನೊಂದು. ಭಾಗಗಳ ನಡುವಿನ ಸಡಿಲ ಸಂದಿನಿಂದ ಬರುವ ಇದನ್ನು ಬ್ಯಾಕ್‌ಲ್ಯಾಶ್ ಅನ್ನುತ್ತೇವೆ. ಶಾಪ್‌ನಲ್ಲಿ ಸುಮ್ನೆ 'ಪ್ಲೇ ಇದೆ' ಅಂದುಬಿಡುತ್ತಾರೆ. ಆದರೆ ಆ ಪ್ಲೇ ಎಲ್ಲಿದೆ ಅನ್ನುವುದೇ ಅಸಲಿ ಪ್ರಶ್ನೆ.

ಅಳೆಯುವ ವಿಧಾನ ಹೀಗೆ. ಹ್ಯಾಂಡ್‌ವೀಲ್ ಅನ್ನು 0.01ಕ್ಕೆ ಇಡಿ. ಒಂದೇ ದಿಕ್ಕಿನಲ್ಲಿ ತಿರುಗಿಸುತ್ತಾ ಡಯಲ್ ಚೆನ್ನಾಗಿ ಓಡುವವರೆಗೆ ಹೋಗಿ. ಅಲ್ಲಿ ಡಯಲ್ ಸೊನ್ನೆ ಮಾಡಿ, ಸ್ಕ್ರೀನ್‌ನ ರಿಲೇಟಿವ್ ಲೆಕ್ಕವನ್ನೂ ಸೊನ್ನೆ ಮಾಡಿ. ಅದೇ ದಿಕ್ಕಿನಲ್ಲಿ ಇನ್ನೊಂದಷ್ಟು ಕ್ಲಿಕ್ ಹೋಗಿ. ಪ್ರತಿ ಕ್ಲಿಕ್‌ಗೂ ಡಯಲ್ 0.01 ಓಡಬೇಕು. ಈಗ ದಿಕ್ಕು ಬದಲಿಸಿ. ಮೊದಲ ಎಷ್ಟು ಕ್ಲಿಕ್‌ಗಳಿಗೆ ಡಯಲ್ ಕದಲಲಿಲ್ಲವೋ ಅಷ್ಟು ಬ್ಯಾಕ್‌ಲ್ಯಾಶ್ ಇದೆ. ಸೂಕ್ಷ್ಮವಾಗಿ ಬೇಕಿದ್ದರೆ 0.001ರಲ್ಲಿ ಮತ್ತೊಮ್ಮೆ ಮಾಡಿ.

ಇದನ್ನು ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಟೇಬಲ್‌ನ ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಮೂರೂ ಕಡೆ ಒಂದೇ ಬಂದರೆ ಬೇರಿಂಗ್, ಲಾಕ್ ನಟ್, ಬ್ರಾಕೆಟ್ ಕಡೆ ಅನುಮಾನ ಪಡಿ. ನಡುವೆ 0.04, ತುದಿಗಳಲ್ಲಿ 0.01 ಬಂದರೆ ಸ್ಕ್ರೂ ನಡುವೆ ಸವೆದಿದೆ ಅಂತ ಅರ್ಥ. ವೈಸ್ ಯಾವಾಗಲೂ ಟೇಬಲ್‌ನ ನಡುವೆಯೇ ಇರುತ್ತದೆ, ವರ್ಷಗಟ್ಟಲೆ ಅದೇ ಇನ್ನೂರು ಮಿ.ಮೀ.ನಲ್ಲಿ ನಟ್ ಓಡಾಡಿರುತ್ತದೆ, ಅಲ್ವಾ? ಇಂಥ ಸವೆತಕ್ಕೆ ಕಂಟ್ರೋಲರ್‌ನ ಸೆಟ್ಟಿಂಗ್ ಆದ ಪ್ಯಾರಾಮೀಟರ್‌ನಲ್ಲಿ ಮದ್ದಿಲ್ಲ. ನಡುವಿಗೆ ಸರಿಹೋಗುವ ಅಂಕಿ ಹಾಕಿದರೆ ತುದಿಯಲ್ಲಿ ಅತಿಯಾಗುತ್ತದೆ.

ಈಗ ಪ್ಲೇ ಇರುವ ಜಾಗ ಹುಡುಕುವ ಕೆಲಸ. ಇದಕ್ಕೆ ಹಳೆಯ ಫಿಟ್ಟರ್‌ಗಳ ಒಂದು ಉಪಾಯವಿದೆ, ಎಷ್ಟು ಹೇಳಿದರೂ ಸಾಲದು. ಟೆಲಿಸ್ಕೋಪಿಕ್ ಕವರ್ ಸರಿಸಿ ಬಾಲ್ ಸ್ಕ್ರೂನ ತುದಿ ಕಾಣುವಂತೆ ಮಾಡಿ. ಸ್ಕ್ರೂನ ತುದಿಯಲ್ಲಿ ಸೆಂಟರ್ ತೂತು ಇರುತ್ತದೆ. ಅದರಲ್ಲಿ ಸ್ವಲ್ಪ ಗ್ರೀಸ್ ಹಚ್ಚಿ ಒಂದು ಸ್ಟೀಲ್ ಬಾಲ್ ಕೂರಿಸಿ. ಚಪ್ಪಟೆ ತುದಿಯ ಪ್ಲಂಜರ್ ಡಯಲ್ ಅನ್ನು ಆ ಬಾಲ್‌ಗೆ ತಾಗಿಸಿ. ಸ್ಕ್ರೂ ತಿರುಗಿದರೂ ಬಾಲ್ ಸೆಂಟರ್‌ನಲ್ಲೇ ಇರುತ್ತದೆ, ಡಯಲ್ ಕದಲಬಾರದು. ಈಗ ಹ್ಯಾಂಡ್‌ವೀಲ್‌ನಲ್ಲಿ ಟೇಬಲ್ ಆಚೆ ಈಚೆ ಮಾಡಿ. ದಿಕ್ಕು ಬದಲಿಸಿದಾಗಲೆಲ್ಲ ಬಾಲ್ ಮೇಲಿನ ಡಯಲ್ ಹಿಂದೆ ಮುಂದೆ ಹೋದರೆ ಸ್ಕ್ರೂ ಪೂರ್ತಿಯಾಗಿ ಉದ್ದಕ್ಕೆ ಸರಿಯುತ್ತಿದೆ. ಥ್ರಸ್ಟ್ ಬೇರಿಂಗ್ ಹೋಗಿದೆ, ಇಲ್ಲವೇ ಲಾಕ್ ನಟ್ ಸಡಿಲವಾಗಿದೆ. ಬಾಲ್ ಕದಲದೆ ಟೇಬಲ್ ಮಾತ್ರ ತಡವಾಗಿ ಹೊರಟರೆ ಬಾಲ್ ನಟ್ ಅಥವಾ ಬ್ರಾಕೆಟ್ ಬೋಲ್ಟ್ ನೋಡಿ. ಮೋಟರ್ ತಿರುಗಿಯೂ ಸ್ಕ್ರೂ ತಿರುಗದೆ ಒಂದು ಕ್ಷಣ ನಿಂತರೆ ಕಪ್ಲಿಂಗ್. ಒಂದು ಬಾಲ್, ಎರಡು ಡಯಲ್, ಮೂರು ಉತ್ತರ. ಲಾಕ್ ನಟ್ ಬಿಗಿ ಮಾಡಿದರೆ ಹೋಗುವ ತೊಂದರೆಗೆ ಹೊಸ ಬಾಲ್ ಸ್ಕ್ರೂ ಹಾಕಿಸುವ ಸಣ್ಣ ಮಾಲೀಕರನ್ನು ನೆನೆದರೆ ಬೇಸರವಾಗುತ್ತದೆ. ಕವರ್ ತೆಗೆದು ಈ ಕೆಲಸ ಮಾಡುವಾಗ ಹ್ಯಾಂಡ್‌ವೀಲ್ ಒಬ್ಬರ ಕೈಯಲ್ಲೇ ಇರಲಿ, ಸ್ಕ್ರೂ ಹತ್ತಿರ ಕೈ ಇಟ್ಟವರು ಹೇಳುವವರೆಗೆ ಆಕ್ಸಿಸ್ (ಟೇಬಲ್ ಅಥವಾ ಹೆಡ್ ಓಡುವ ದಾರಿ) ಕದಲಬಾರದು.

ಫಾನುಕ್ ಕಂಪನಿಯ ಕಂಟ್ರೋಲ್‌ಗಳಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಶನ್ ಪ್ಯಾರಾಮೀಟರ್ 1851. ಅಲ್ಲಿ ಈಗಾಗಲೇ ಒಂದು ಅಂಕಿ ಇರಬಹುದು. ನೀವು ಅಳೆದದ್ದು ಆ ಅಂಕಿಯ ಮೇಲೂ ಉಳಿದ ಪ್ಲೇ. ಅಂಕಿ 12 ಇದ್ದು ಡಯಲ್‌ನಲ್ಲಿ ಇನ್ನೂ 30 ಮೈಕ್ರಾನ್ ಕಂಡರೆ ನಿಜವಾದ ಪ್ಲೇ 42. ಹಳೆಯ ಅಂಕಿ ಬರೆದಿಟ್ಟುಕೊಳ್ಳದೆ ಅದರ ಮೇಲೆ 30 ಅಂತ ಹೊಡೆದರೆ ಲೆಕ್ಕ ಹದಗೆಡುತ್ತದೆ.

ಪ್ಯಾರಾಮೀಟರ್‌ನಿಂದ ಎಷ್ಟರ ಮಟ್ಟಿಗೆ ಮುಚ್ಚಬಹುದು? ನನ್ನ ಅಭಿಪ್ರಾಯದಲ್ಲಿ ಹತ್ತು ಹದಿನೈದು ಮೈಕ್ರಾನ್ ಸರಿ. ಐವತ್ತು ದಾಟಿದರೆ ರಿಪೇರಿಯೇ ದಾರಿ. ಕಾಂಪೆನ್ಸೇಶನ್ ಮೋಟರ್ ಅನ್ನು ಸ್ವಲ್ಪ ಜಾಸ್ತಿ ತಿರುಗಿಸುತ್ತದೆ ಅಷ್ಟೇ, ಸಂದು ಸಂದಾಗಿಯೇ ಉಳಿಯುತ್ತದೆ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ ಕಟರ್ ಟೇಬಲ್ ಅನ್ನು ತನ್ನ ಕಡೆ ಎಳೆದಾಗ ಟೇಬಲ್ ಆ ಸಂದಿನಷ್ಟು ಹಾರುತ್ತದೆ. ಡಯಲ್ ಮುಂದೆ ಚೆನ್ನಾಗಿ ಕಂಡ ಮಷೀನ್ ಕಟಿಂಗ್‌ನಲ್ಲಿ ಕೈ ಕೊಡುವುದು ಹೀಗೆ.

ದೂರ ಹೋದಷ್ಟೂ ಜಾಸ್ತಿಯಾದರೆ

100 ಮಿ.ಮೀ.ಗೆ 5 ಮೈಕ್ರಾನ್, 200ಕ್ಕೆ 10, 400ಕ್ಕೆ 20. ಹೀಗೆ ಏರಿದರೆ ಪಿಚ್ ತಪ್ಪು ಅಥವಾ ಸ್ಕ್ರೂ ಬಿಸಿ. ಸ್ಲಿಪ್ ಗೇಜ್ (ಉದ್ದ ನಿಖರವಾಗಿ ಗೊತ್ತಿರುವ ಸ್ಟೀಲ್ ತುಂಡು) ಇಟ್ಟು, ಪ್ರತಿ ಸಲ ಒಂದೇ ದಿಕ್ಕಿನಿಂದ ಬಂದು ನೋಡಿದರೆ ಗೊತ್ತಾಗುತ್ತದೆ. ಒಂದೇ ದಿಕ್ಕಿನಿಂದ ಬರದಿದ್ದರೆ ಬ್ಯಾಕ್‌ಲ್ಯಾಶ್ ಕೂಡ ಇದರಲ್ಲಿ ಬೆರೆತು ಏನೂ ಅರ್ಥವಾಗುವುದಿಲ್ಲ.

ಪೂರ್ತಿ ಉದ್ದಕ್ಕೆ ಸರಿಯಾಗಿ ತಿದ್ದಬೇಕಾದರೆ ಲೇಸರ್ ಇಂಟರ್‌ಫೆರೋಮೀಟರ್ (ಬೆಳಕಿನಿಂದ ದೂರ ಅಳೆಯುವ ಉಪಕರಣ) ಬೇಕು. ಐಎಸ್‌ಒ 230-2 ಮಾನದಂಡದಲ್ಲಿ ಆಕ್ಸಿಸ್‌ನ ಹಲವು ಜಾಗಗಳಿಗೆ ಎರಡೂ ದಿಕ್ಕಿನಿಂದ ಐದೈದು ಸಲ ಹೋಗಿ ಅಳೆಯುತ್ತಾರೆ. ಹಾಗೆ ಮಾಡಿದಾಗಲೇ ಮಷೀನ್ ಎಷ್ಟು ತಪ್ಪುತ್ತದೆ, ಎಷ್ಟು ಚದುರುತ್ತದೆ ಅನ್ನುವ ಎರಡು ವಿಷಯ ಬೇರೆ ಬೇರೆಯಾಗಿ ಸಿಗುತ್ತವೆ. ಯಾವಾಗಲೂ 20 ಮೈಕ್ರಾನ್ ಆಚೆ ನಿಲ್ಲುವ ಮಷೀನ್ ಅನ್ನು ಪಿಚ್ ಕಾಂಪೆನ್ಸೇಶನ್‌ನಲ್ಲಿ ತಿದ್ದಬಹುದು. ಒಮ್ಮೆ 20 ಆಚೆ, ಒಮ್ಮೆ 15 ಈಚೆ ನಿಲ್ಲುವುದನ್ನು ಯಾವ ಅಂಕಿಯೂ ತಿದ್ದಲಾರದು. ನಾವು ಬೆಂಗಳೂರಿನವರಿಗೆ ಇದರಲ್ಲಿ ಒಂದು ಅನುಕೂಲವಿದೆ. 1962ರಲ್ಲಿ ಸೆಂಟ್ರಲ್ ಮಷೀನ್ ಟೂಲ್ ಇನ್‌ಸ್ಟಿಟ್ಯೂಟ್ ಅಂತ ಶುರುವಾದ ಸಿಎಂಟಿಐ ತುಮಕೂರು ರಸ್ತೆಯಲ್ಲೇ ಇದೆ. ಎಚ್‌ಎಂಟಿ ಕಾಲದಿಂದ ಈ ಊರಿನಲ್ಲಿ ಮಷೀನ್ ಟೂಲ್ ಬಲ್ಲ ಕೈಗಳು ಬೆಳೆದಿವೆ. ಕೇಳಿದರೆ ದಾರಿ ತೋರಿಸುವವರು ಸಿಗುತ್ತಾರೆ.

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು

ಸ್ಟೀಲ್ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 500 ಮಿ.ಮೀ. ಸ್ಕ್ರೂ 10 ಡಿಗ್ರಿ ಬಿಸಿಯಾದರೆ ಸುಮಾರು 57 ಮೈಕ್ರಾನ್. ಸ್ಕ್ರೂ ಬಿಸಿಯಾಗಲು ಬೇಸಿಗೆಯೇ ಬೇಕಿಲ್ಲ. ರ‍್ಯಾಪಿಡ್‌ನಲ್ಲಿ (ಕಟಿಂಗ್ ಇಲ್ಲದ ಅತಿ ವೇಗದಲ್ಲಿ) ಟೇಬಲ್ ಓಡಿದಷ್ಟೂ ನಟ್‌ನೊಳಗಿನ ಉಜ್ಜಾಟದಿಂದಲೇ ಬಿಸಿ ಏರುತ್ತದೆ. ಮೋಟರ್ ಕಡೆಯ ಬೇರಿಂಗ್ ಸ್ಕ್ರೂವನ್ನು ಹಿಡಿದಿರುವುದರಿಂದ ಸಾಮಾನ್ಯವಾಗಿ ಇನ್ನೊಂದು ತುದಿಯ ಕಡೆ ತಪ್ಪು ಜಾಸ್ತಿ ಕಾಣುತ್ತದೆ.

ಪರೀಕ್ಷೆ ಸುಲಭ. ಬೆಳಿಗ್ಗೆ ಮಷೀನ್ ತಣ್ಣಗಿರುವಾಗ ಬೇರಿಂಗ್‌ನಿಂದ ದೂರದ ತುದಿಯಲ್ಲಿ ಡಯಲ್ ಸೊನ್ನೆ ಮಾಡಿ. ಅರ್ಧ ಗಂಟೆ ಆಕ್ಸಿಸ್ ಓಡಿಸಿ. ವಾಪಸ್ ಅದೇ ಜಾಗಕ್ಕೆ ಬಂದು ನೋಡಿ. ಮತ್ತೆ ಓಡಿಸಿ, ಮತ್ತೆ ನೋಡಿ. ತಪ್ಪು ಮೊದಲು ಬೇಗ ಏರಿ, ಆಮೇಲೆ ನಿಧಾನವಾಗಿ ಒಂದು ಕಡೆ ನಿಂತರೆ ಅದು ಬಿಸಿಯ ತಪ್ಪು. ಊಟದ ಹೊತ್ತಿನಲ್ಲಿ ನಿಲ್ಲಿಸಿಟ್ಟರೆ ಸ್ವಲ್ಪ ವಾಪಸ್ ಬರುತ್ತದೆ, ಅದು ಇನ್ನೂ ಗಟ್ಟಿ ಸಾಕ್ಷಿ. ಬೆಳಿಗ್ಗೆ ಹತ್ತಿಪ್ಪತ್ತು ನಿಮಿಷ ಸ್ಪಿಂಡಲ್ ಮತ್ತು ಆಕ್ಸಿಸ್ ಓಡಿಸಿ ಆಮೇಲೆ ಮೊದಲ ಜಾಬ್ ಹಾಕುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ಲೂಬ್ರಿಕೇಶನ್ ಪೈಪ್ ಕಟ್ಟಿಕೊಂಡಿದ್ದರೂ ಸ್ಕ್ರೂ ಬೇಗ ಕಾಯುತ್ತದೆ. ಟ್ಯಾಂಕ್‌ನಲ್ಲಿ ಎಣ್ಣೆ ಕಮ್ಮಿಯಾಗದಿದ್ದರೆ ಖುಷಿ ಪಡಬೇಡಿ, ಎಣ್ಣೆ ಹೋಗುತ್ತಿಲ್ಲ ಅಂತ ಅರ್ಥ.

ಇಲ್ಲಿ ಜಾಬ್‌ನ ಬಿಸಿಯೂ ಸೇರುತ್ತದೆ. ಅಲ್ಯೂಮಿನಿಯಂ ಸ್ಟೀಲ್‌ಗಿಂತ ಎರಡು ಪಟ್ಟು, ಅಂದರೆ ಮೀಟರ್‌ಗೆ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಶೀಟ್ ಮಾಡಿನ ಶೆಡ್‌ನಲ್ಲಿ 34 ಡಿಗ್ರಿ ಇದೆ ಅಂದುಕೊಳ್ಳಿ. ಅಲ್ಲಿ ಮಾಡಿದ 300 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ 20 ಡಿಗ್ರಿಯ ಸಿಎಂಎಂ (ಜಾಬ್ ಮುಟ್ಟಿ ಅಳತೆ ಹೇಳುವ ಮಷೀನ್) ರೂಮಿಗೆ ಹೋದರೆ 97 ಮೈಕ್ರಾನ್ ಕುಗ್ಗುತ್ತದೆ. ಮಷೀನ್‌ನ ಸ್ಟೀಲ್ ಸ್ಕ್ರೂ ಕೂಡ ಅದೇ ಬಿಸಿಯಲ್ಲಿ 48 ಮೈಕ್ರಾನ್ ಹಿಗ್ಗಿತ್ತು. ಹಾಗಾಗಿ ಕೊನೆಗೆ ಪ್ಲೇಟ್ ಸುಮಾರು 49 ಮೈಕ್ರಾನ್ ಚಿಕ್ಕದಾಗಿ ಕಾಣುತ್ತದೆ. ಮಷೀನ್‌ದೂ ತಪ್ಪಿಲ್ಲ, ಸಿಎಂಎಂದೂ ತಪ್ಪಿಲ್ಲ. ಆದರೂ ಮಾಲು ರಿಜೆಕ್ಟ್ ಆಗುತ್ತದೆ. ದೂರು ಬಂದಾಗ ಎರಡೂ ಕಡೆಯ ಟೆಂಪರೇಚರ್ ಕೇಳುವುದನ್ನು ನಮ್ಮ ಶೆಡ್‌ಗಳು ರೂಢಿ ಮಾಡಿಕೊಳ್ಳಲೇಬೇಕು.

ಸರಿಯಾಗಿ ಒಂದು ಪಿಚ್ ತಪ್ಪಿದರೆ

ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದಾಗ, ಇಲ್ಲವೇ ಕರೆಂಟ್ ಹೋಗಿ ಬಂದ ಮೇಲೆ, ಎಲ್ಲವೂ ಸರಿಯಾಗಿ 10.000 ಮಿ.ಮೀ. ಆಚೆ ಹೋಗಿರುತ್ತದೆ. ಇಷ್ಟು ದೊಡ್ಡ ತಪ್ಪಾದರೂ ಇಷ್ಟು ನಿಖರ! ಗಾಬರಿಯಾಗಬೇಡಿ, ಇದು ಪತ್ತೆಗೆ ಸುಲಭವಾದ ತಪ್ಪು.

ಹೋಮ್ ಮಾಡುವಾಗ, ಅಂದರೆ ಮಷೀನ್ ತನ್ನ ಸೊನ್ನೆ ಜಾಗ ಹುಡುಕುವಾಗ, ಆಕ್ಸಿಸ್ ವೇಗವಾಗಿ ಬಂದು ಡಾಗ್ (ಸ್ವಿಚ್ ಒತ್ತುವ ಉಬ್ಬು ತುಂಡು) ಸ್ವಿಚ್ ಒತ್ತುತ್ತದೆ, ನಿಧಾನವಾಗುತ್ತದೆ, ಸ್ವಿಚ್ ಬಿಟ್ಟ ಮೇಲೆ ಬರುವ ಮೊದಲ ಗ್ರಿಡ್ ಪಾಯಿಂಟ್‌ನಲ್ಲಿ ನಿಲ್ಲುತ್ತದೆ. ಗ್ರಿಡ್ ಪಾಯಿಂಟ್ ಮೋಟರ್‌ನ ಒಂದು ಸುತ್ತಿಗೆ ಒಂದು ಬರುತ್ತದೆ. ಸ್ವಿಚ್ ಬಿಡುವ ಜಾಗ ಗ್ರಿಡ್ ಪಾಯಿಂಟ್‌ಗೆ ತೀರಾ ಹತ್ತಿರ ಇದ್ದರೆ ಒಂದು ದಿನ ಈ ಗ್ರಿಡ್ ಸಿಗುತ್ತದೆ, ಇನ್ನೊಂದು ದಿನ ಅದು ತಪ್ಪಿ ಮುಂದಿನದು ಸಿಗುತ್ತದೆ. ವ್ಯತ್ಯಾಸ ಒಂದು ಸುತ್ತು, ಅಂದರೆ ಒಂದು ಪಿಚ್. ಡಾಗ್ ಮೇಲೆ ಚಿಪ್ ಅಂಟಿದ್ದರೂ, ಸ್ವಿಚ್‌ನೊಳಗೆ ಕೂಲಂಟ್ ಹೋಗಿ ಅದು ತಡವಾಗಿ ಬಿಟ್ಟರೂ ಹೀಗೇ ಆಗುತ್ತದೆ. ಸ್ವಿಚ್ ಸ್ವಚ್ಛ ಮಾಡಿ. ಆಮೇಲೆ ಡಾಗ್ ಸರಿಸಿ, ಸ್ವಿಚ್ ಬಿಡುವ ಜಾಗ ಎರಡು ಗ್ರಿಡ್‌ಗಳ ಮಧ್ಯಕ್ಕೆ ಬರುವಂತೆ ಮಾಡಿ. ಫಾನುಕ್‌ನಲ್ಲಿ ಡಯಾಗ್ನೋಸಿಸ್ 302 ಆ ದೂರವನ್ನು ತೋರಿಸುತ್ತದೆ. 10 ಪಿಚ್‌ಗೆ ಅದು 5ರ ಹತ್ತಿರ ಇದ್ದರೆ ನೆಮ್ಮದಿ.

ಆಬ್ಸಲ್ಯೂಟ್ ಎನ್‌ಕೋಡರ್ ಇರುವ ಮಷೀನ್‌ಗಳಲ್ಲಿ ಡಾಗ್ ಇರುವುದಿಲ್ಲ, ಬ್ಯಾಟರಿ ಇರುತ್ತದೆ. ಬ್ಯಾಟರಿ ಅಲಾರ್ಮ್ ಬಂದರೆ ಮಷೀನ್ ಆನ್ ಇರುವಾಗಲೇ ಬದಲಿಸಿ. ಆಫ್ ಮಾಡಿ ಬದಲಿಸಿದರೆ ಹೋಮ್ ಕಳೆದುಹೋಗುತ್ತದೆ.

ಯಾವ ಲೆಕ್ಕಕ್ಕೂ ಸಿಗದಿದ್ದರೆ

ಒಂದು ಜಾಬ್ ಸರಿ, ಮುಂದಿನದು 0.08 ಆಚೆ, ಆಮೇಲಿನದು 0.15. ಒಂದೇ ಕಡೆಗೆ ಕೂಡುತ್ತಾ ಹೋಗುತ್ತದೆ, ಅಥವಾ ಮನಬಂದ ಹಾಗೆ ಕುಣಿಯುತ್ತದೆ. ಇಲ್ಲಿ ಮೊದಲ ಅನುಮಾನ ಕಪ್ಲಿಂಗ್ ಮೇಲೆ. ಮೋಟರ್ ಶಾಫ್ಟ್, ಕಪ್ಲಿಂಗ್, ಸ್ಕ್ರೂ ಮೂರರ ಮೇಲೂ ಒಂದೇ ನೇರಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಅರ್ಧ ಗಂಟೆ ರ‍್ಯಾಪಿಡ್‌ನಲ್ಲಿ ಆಚೆ ಈಚೆ ಓಡಿಸಿ. ಗೆರೆ ಮುರಿದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಕ್ರ್ಯಾಶ್ ಆದ ಮಷೀನ್‌ಗಳಲ್ಲಿ ಇದು ಬಹಳ ಸಾಮಾನ್ಯ. ರಾತ್ರಿ ಶಿಫ್ಟಿನಲ್ಲಿ ಟೂಲ್ ವೈಸ್‌ಗೆ ಹೊಡೆದದ್ದನ್ನು ಯಾರೂ ಹೇಳಿರುವುದಿಲ್ಲ. ಹೇಳಿದವರನ್ನು ಬೈಯದ ಶೆಡ್‌ನಲ್ಲಿ ಮೇಂಟೆನೆನ್ಸ್ ಕೆಲಸ ಎಷ್ಟೋ ಹಗುರ.

ಜೆಡ್ ಆಕ್ಸಿಸ್‌ನಲ್ಲಿ ಕಪ್ಲಿಂಗ್ ಅಥವಾ ಮೋಟರ್ ಬಿಚ್ಚುವ ಮೊದಲು ಹೆಡ್ ಕೆಳಗೆ ಮರದ ದಿಮ್ಮಿ ಕೊಟ್ಟು ಭಾರ ಕೂರಿಸಿ. ಬ್ರೇಕ್ ಇರುವುದು ಮೋಟರ್‌ನೊಳಗೆ. ಮೋಟರ್ ಬಿಚ್ಚಿದರೆ ಹೆಡ್ ಹಿಡಿಯಲು ಏನೂ ಇರುವುದಿಲ್ಲ. ದಿಮ್ಮಿ ಕೊಡದೆ ಸ್ಪ್ಯಾನರ್ ಮುಟ್ಟಬೇಡಿ.

ಎರಡು ಆಕ್ಸಿಸ್ ಸೇರಿದಾಗಿನ ತಪ್ಪಿಗೆ ಒಂದು ವೃತ್ತ ಮಿಲ್ ಮಾಡಿ ನೋಡಿ, ಬಾಲ್ ಬಾರ್ (ವೃತ್ತದ ಓಟ ಅಳೆಯುವ ಉಪಕರಣ) ಇದ್ದರೆ ಇನ್ನೂ ಒಳ್ಳೆಯದು. ಮೇಲೆ, ಕೆಳಗೆ, ಎಡ, ಬಲ ನಾಲ್ಕು ಕಡೆ ಸಣ್ಣ ಮೆಟ್ಟಿಲು ಕಂಡರೆ ಬ್ಯಾಕ್‌ಲ್ಯಾಶ್. ವೃತ್ತ ಓರೆಯಾಗಿ ಮೊಟ್ಟೆಯಾಕಾರ ಆದರೆ ಕಟರ್ ಸುತ್ತುವ ದಿಕ್ಕು ಬದಲಿಸಿ ಇನ್ನೊಂದು ಮಾಡಿ. ಓರೆಯೂ ತಿರುಗಿದರೆ ಎರಡು ಸರ್ವೋಗಳ ಗೇನ್ (ಆಜ್ಞೆಗೆ ಸ್ಪಂದಿಸುವ ಚುರುಕು) ಹೊಂದುತ್ತಿಲ್ಲ. ಹಾಗೇ ಉಳಿದರೆ ಎಕ್ಸ್ ಮತ್ತು ವೈ ನಡುವಿನ ಮೂಲೆಮಟ್ಟ ಹೋಗಿದೆ.

ಡಯಾಗ್ನೋಸಿಸ್ ಪುಟದಲ್ಲಿ ಆಕ್ಸಿಸ್ ಓಡುವಾಗ ಪೊಸಿಷನ್ ಎರರ್ ದೊಡ್ಡದಾಗಿ ಕಂಡು ಹೆದರುವವರಿದ್ದಾರೆ. ಸರ್ವೋ ಯಾವಾಗಲೂ ಆಜ್ಞೆಯ ಸ್ವಲ್ಪ ಹಿಂದೆಯೇ ಓಡುತ್ತದೆ. ಗೇನ್ 30 ಇದ್ದು ಫೀಡ್ ನಿಮಿಷಕ್ಕೆ 3000 ಮಿ.ಮೀ. ಇದ್ದರೆ 1.67 ಮಿ.ಮೀ. ಹಿಂದಿರುವುದು ಸಹಜ. ನಿಂತಾಗ ಅದು ಸೊನ್ನೆಯ ಹತ್ತಿರ ಬರಬೇಕು. ನಿಂತಾಗಲೂ ಉಳಿದು 410 ಅಲಾರ್ಮ್, ಓಡುವಾಗ ಮಿತಿ ಮೀರಿ 411 ಅಲಾರ್ಮ್ ಬಂದರೆ ಆಕ್ಸಿಸ್ ಎಲ್ಲೋ ಬಿಗಿಯಾಗಿ ಹಿಡಿದಿದೆಯಾ ಅಂತ ಲೋಡ್ ಮೀಟರ್ ನೋಡಿ. ಎಡಕ್ಕೂ ಬಲಕ್ಕೂ ಲೋಡ್ ಬೇರೆ ಬೇರೆ ಇದ್ದರೆ ಗಿಬ್ (ಸ್ಲೈಡ್‌ನ ಸಂದು ಹೊಂದಿಸುವ ಪಟ್ಟಿ), ಕವರ್ ಅಥವಾ ಬೇರಿಂಗ್ ಕಡೆ ಹೋಗಿ.

ರಿಪೇರಿ ಆದ ಮೇಲೆ

ಕಪ್ಲಿಂಗ್, ಮೋಟರ್, ಸ್ಕ್ರೂ ಯಾವುದನ್ನು ಬಿಚ್ಚಿ ಹಾಕಿದರೂ ಹೋಮ್ ಪೊಸಿಷನ್ ಸರಿದಿರುತ್ತದೆ. ಅದನ್ನು ಮತ್ತೆ ಹಳೆಯ ಜಾಗಕ್ಕೆ ತರಬೇಕು, ಫಾನುಕ್‌ನಲ್ಲಿ ಗ್ರಿಡ್ ಶಿಫ್ಟ್ 1850. ಹೋಮ್ ಸರಿದರೆ ಸಾಫ್ಟ್ ಲಿಮಿಟ್ (ಕಂಟ್ರೋಲರ್‌ನಲ್ಲಿ ಹಾಕಿದ ಓಟದ ಮಿತಿ) ಕೂಡ ಅದರ ಜೊತೆ ಸರಿಯುತ್ತದೆ, ಪಿಚ್ ಕಾಂಪೆನ್ಸೇಶನ್ ಪಟ್ಟಿಯೂ ಸರಿಯುತ್ತದೆ. ಜೆಡ್ ಆಗಿದ್ದರೆ ಟೂಲ್ ಚೇಂಜ್ ಎತ್ತರ ತಪ್ಪಿ, ಟೂಲ್ ತಾನಾಗಿ ಬದಲಿಸುವ ಎಟಿಸಿ ಆರ್ಮ್ ಟೂಲ್ ಹೋಲ್ಡರ್‌ಗೆ ಹೊಡೆಯುತ್ತದೆ. ಆದ್ದರಿಂದ ಮೊದಲ ಟೂಲ್ ಚೇಂಜ್ ಅನ್ನು ಒಂದೊಂದೇ ಹೆಜ್ಜೆಯಾಗಿ, ರ‍್ಯಾಪಿಡ್ ಓವರ್‌ರೈಡ್ ತೀರಾ ಕಡಿಮೆ ಇಟ್ಟು ಮಾಡಿ. ಪ್ರೋಗ್ರಾಂನಲ್ಲಿ ತಿದ್ದಿದ 119.96ನ್ನು ತೆಗೆದು ಡ್ರಾಯಿಂಗ್‌ನ 120.00 ವಾಪಸ್ ಹಾಕಿ. ಆಮೇಲೆ ಅದೇ ಬ್ಲಾಕ್, ಅದೇ ಡಯಲ್ ಇಟ್ಟು ಎಡ, ನಡು, ಬಲ ಮೂರೂ ಕಡೆ ಮತ್ತೊಮ್ಮೆ ಅಳೆದು, ತಾರೀಖು ಹಾಕಿ, ಎಲೆಕ್ಟ್ರಿಕಲ್ ಪ್ಯಾನಲ್‌ನ ಬಾಗಿಲ ಒಳಗೆ ಅಂಟಿಸಿಡಿ. ಹಳೆಯ 1851ರ ಅಂಕಿಯನ್ನೂ ಹೊಸದನ್ನೂ ಅದರಲ್ಲೇ ಬರೆಯಿರಿ.